ಬಚ್ಚಲ ನೀರಿನ ದಾಸವಾಳ

ಇಂದು ಬೆಳಿಗ್ಗೆ ನಾನೊಂದು ಸುಳ್ಳು ಹೇಳಿದೆ. ಎಪ್ಪತ್ತು ದಾಟಿದ ಮೇಲೆ ಸುಳ್ಳು ಹೇಳಲು ಕಾರಣಗಳೇ ಉಳಿದಿರುವುದಿಲ್ಲ, ಆದರೂ ಹೇಳಿದೆ. ಪಕ್ಕದ ಮನೆಯ ಶಾರದಾ ಸೊಲ್ಲಾಪುರದಿಂದ ಫೋನ್ ಮಾಡಿದ್ದಳು. ತಂಗಿಯ ಮದುವೆಗೆಂದು ಮನೆಗೆ ಬೀಗ ಹಾಕಿ ಎಲ್ಲರೂ ಹೋಗಿದ್ದಾರೆ. ಹೋಗುವಾಗ ಹಿತ್ತಲ ಬಾಗಿಲಿನ ಕೀಲಿಯನ್ನು ನನ್ನ ಕೈಗಿಟ್ಟು, ತನ್ನ ಬಿಳಿ ದಾಸವಾಳಕ್ಕೆ ದಿನಾ ಒಂದು ಬಕೆಟ್ ನೀರು ಹಾಕಬೇಕೆಂದು ಹೇಳಿದ್ದಳು. "ನೀರ ಹಾಕೀರಿಲ್ಲೋ ಆಯಿ?" ಎಂದು ಕೇಳಿದಳು. "ಹಾಕೀನಿ ತಂಗಿ" ಎಂದೆ. ಫೋನ್ ಇಟ್ಟು ತಿರುಗಿದರೆ, ತುಂಬಿದ ಬಕೆಟ್ ನಮ್ಮ ಮೆಟ್ಟಿಲ ಮೇಲೆ ಹಾಗೇ ಕುಳಿತಿತ್ತು.

ಅವರು ಹೋದಾಗಿನಿಂದಲೂ ಇದೇ ಕತೆ. ಬೆಳಿಗ್ಗೆ ಬಕೆಟ್ ತುಂಬಿಸುತ್ತೇನೆ, ಅವರ ಹಿತ್ತಲ ಬಾಗಿಲಿನವರೆಗೆ ಒಯ್ಯುತ್ತೇನೆ, ವಾಪಸ್ಸು ತರುತ್ತೇನೆ. ಮೊಣಕಾಲು ನೋವೆಂದು ನೆಪ ಹೇಳಬಹುದಿತ್ತು. ಆದರೆ ಅದೇ ಮೊಣಕಾಲು ದಿನಾ ಸಂಜೆ ಗೋಳಗುಮ್ಮಟದವರೆಗೆ ನಡೆದು ಬರುತ್ತದೆ, ದಾರಿಯಲ್ಲಿ ಸಿಕ್ಕವರೊಡನೆ ಅರ್ಧ ಗಂಟೆ ನಿಂತು ಹರಟುತ್ತದೆ. ಓಣಿಯವರ ಮುಂದೆ ಆ ನೆಪ ನಡೆಯುವುದಿಲ್ಲ.

ಶಾರದಾ ನನ್ನನ್ನೇ ಆರಿಸಿದ್ದರಲ್ಲಿ ಅವಳ ತಪ್ಪೇನಿಲ್ಲ. ಆ ಗಿಡ ಬದುಕಿದ್ದೇ ನನ್ನ ಬಾಯಿಂದ ಎಂದು ನಾನು ಎಲ್ಲರೆದುರು ಹೇಳಿಕೊಂಡಿದ್ದೇನೆ. ಅವಳು ಕಡ್ಡಿ ತಂದ ದಿನ ಗೋಡೆಯ ಈಚೆ ನಿಂತು ಒಂದು ದೊಡ್ಡ ಪಾಠವನ್ನೇ ಒಪ್ಪಿಸಿದೆ. ಕಡ್ಡಿ ಕಿರುಬೆರಳಿನಷ್ಟು ದಪ್ಪ ಇರಬೇಕು, ತೀರ ಎಳೆಯದೂ ಅಲ್ಲ, ತೀರ ಕಟ್ಟಿಗೆಯಾದದ್ದೂ ಅಲ್ಲ. ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ಯಬೇಕು. ಮೇಲಿನ ಒಂದೆರಡು ಎಲೆ ಬಿಟ್ಟು ಉಳಿದವನ್ನು ಚಿವುಟಿ, ಮೇಲ್ತುದಿಗೆ ಸೆಗಣಿ ಮೆತ್ತಬೇಕು. ನಮ್ಮ ಎರೆಮಣ್ಣು ನೀರು ಕುಡಿದರೆ ಬಿಟ್ಟುಕೊಡುವುದಿಲ್ಲ, ಬೇರು ಕೊಳೆಯುತ್ತದೆ. ಅದಕ್ಕೆ ಹಳ್ಳದ ಉಸುಕನ್ನೂ ಹಳೆಯ ತಿಪ್ಪೆಗೊಬ್ಬರವನ್ನೂ ಬೆರೆಸಬೇಕು. ಚಿಗುರೊಡೆಯುವವರೆಗೆ ಬಿಸಿಲು ಬೀಳದಂತೆ ಗೋಣಿಚೀಲದ ಮರೆ ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯ, ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಕಿತ್ತು ನೋಡಬಾರದು. ಶಾರದಾ ಕಿತ್ತು ನೋಡಿದಳು, ಬೈಸಿಕೊಂಡಳು, ಮತ್ತೆ ನೆಟ್ಟಳು. ಈಗ ಗಿಡ ಗೋಡೆಗಿಂತ ಎತ್ತರವಾಗಿದೆ.

ಇಷ್ಟೆಲ್ಲ ಬಲ್ಲ ಈ ಮುದುಕಿಯ ಹಿತ್ತಲಲ್ಲಿ ದಾಸವಾಳ ಇಲ್ಲ. ಮಲ್ಲಿಗೆ ಇದೆ, ಕಣಗಿಲ ಇದೆ, ತುಳಸಿಯಂತೂ ಇದ್ದೇ ಇದೆ. ದಾಸವಾಳವನ್ನು ಮಾತ್ರ ಜೀವಮಾನದಲ್ಲಿ ನಾನು ನೆಟ್ಟಿಲ್ಲ. ಮೇಲೆ ಹೇಳಿದ ವಿದ್ಯೆ ನನ್ನದಲ್ಲ, ತಿಕೋಟಾದ ನಮ್ಮ ದೊಡ್ಡವ್ವನದು. ಅವಳ ಮಾತು ಎತ್ತಬೇಕಾದರೆ ಅವಳ ಬಚ್ಚಲಿನಿಂದಲೇ ಶುರುಮಾಡಬೇಕು, ಬೇಸರಪಡಬೇಡಿ.

ನಲವತ್ತರ ದಶಕದ ಮಾತು. ದೂರದಲ್ಲೆಲ್ಲೋ ಯುದ್ಧ ನಡೆದಿತ್ತು, ನಮಗೆ ಅದರಿಂದ ಬಂದದ್ದು ಸೀಮೆಎಣ್ಣೆಯ ಅಭಾವ ಒಂದೇ. ತಿಕೋಟಾದಲ್ಲಿ ಆಗ ಈ ದ್ರಾಕ್ಷಿಯ ಸಾಲುಗಳಿರಲಿಲ್ಲ. ಜೋಳ, ಕಡಲೆ, ಕುಸುಬೆ ಅಷ್ಟೇ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಪ್ಪ, ಅವ್ವ, ನಾನು, ಅಪ್ಪನ ಅಣ್ಣನಾದ ದೊಡ್ಡಪ್ಪ, ಅವನ ಹೆಂಡತಿ ದೊಡ್ಡವ್ವ, ಎಲ್ಲರದೂ ಒಂದೇ ಒಲೆ. ಮನೆಯ ಹಿಂಭಾಗದಲ್ಲಿ ಬಚ್ಚಲು. ಅಲ್ಲಿ ಮಿಂದ ನೀರು ಗೋಡೆಯ ತೂತಿನಿಂದ ಹಿತ್ತಲಿಗೆ ಹರಿದು, ಕಲ್ಲು ಜೋಡಿಸಿದ ಸಣ್ಣ ಗಟಾರಿನಲ್ಲಿ ಸಾಗಿ ಒಂದು ಗಿಡದ ಬುಡಕ್ಕೆ ನಿಲ್ಲುತ್ತಿತ್ತು. ನೀರು ಹೊತ್ತು ತರಬೇಕಾದ ಊರಿನಲ್ಲಿ ಗಿಡಕ್ಕೆಂದು ಬೇರೆ ನೀರು ಹಾಕುವ ಚೈನಿ ಯಾರಿಗೂ ಇರಲಿಲ್ಲ. ಮನೆಯವರು ಮಿಂದರೆ ಗಿಡ ಬದುಕಬೇಕು. ನೆಂಟರು ಬಂದರೆ ಅದಕ್ಕೂ ಹಬ್ಬ. ನಾನು ಚಳಿಗಾಲದಲ್ಲಿ ಜಳಕ ತಪ್ಪಿಸಿ ಓಡಿದರೆ ದೊಡ್ಡವ್ವ ಹಿಡಿದು ತಂದು, "ಬಾರ ಬೇ, ನಿನ್ನ ಮೈಗಲ್ಲ, ಗಿಡಕ್ಕರೆ ಮೈ ತೊಳ್ಕೊ" ಎನ್ನುತ್ತಿದ್ದಳು. ಸಾಬೂನು ಗಿಡಕ್ಕೆ ಆಗದೆಂದು ನಮ್ಮೆಲ್ಲರ ಮೈಗೆ ಕಡಲೆಹಿಟ್ಟೇ ಗತಿ. ಅಪ್ಪ ವಿಜಾಪುರದಿಂದ ತಂದ ಸುವಾಸನೆಯ ಸಾಬೂನು ಗೂಡಿನಲ್ಲೇ ಬಿರಿದುಹೋಯಿತು.

ಆ ಗಿಡವೇ ಬಿಳಿ ದಾಸವಾಳ. ಅದರ ಕೆಳಗೆ ದೊಡ್ಡವ್ವನ ಕೂಸು ಇತ್ತು.

ಇದನ್ನು ನಾನು ಗುಟ್ಟೆಂಬಂತೆ ಕಾಯ್ದಿಟ್ಟು ಕೊನೆಗೆ ಹೇಳಬಹುದಿತ್ತು. ಆದರೆ ಮನೆಯಲ್ಲಿ ಅದು ಗುಟ್ಟಾಗಿರಲಿಲ್ಲ. ಹಲ್ಲು ಮೂಡದ ಕೂಸು ತೀರಿದರೆ ಊರ ಹೊರಗೆ ಒಯ್ಯದೆ ಹಿತ್ತಲಲ್ಲೇ ಮಣ್ಣು ಮಾಡುವ ರೂಢಿ ನಮ್ಮ ಕಡೆ ಕೆಲವು ಮನೆಗಳಲ್ಲಿತ್ತು. ದೂರ ಒಯ್ದರೆ ಅದಕ್ಕೆ ದಾರಿ ತಪ್ಪುತ್ತದೆ, ಮನೆಯ ಹತ್ತಿರವೇ ಇದ್ದರೆ ಅದೇ ತಾಯಿಯ ಹೊಟ್ಟೆಗೆ ಮರಳಿ ಬರುತ್ತದೆ ಎಂಬ ನಂಬಿಕೆ. ದೊಡ್ಡವ್ವನಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಹೆಣ್ಣುಕೂಸು ಅದು. ವಾಂತಿಭೇದಿ ಹತ್ತಿ ಸೊರಗಿದಾಗ ಚಕ್ಕಡಿ ಕಟ್ಟಿಕೊಂಡು ವಿಜಾಪುರದ ಡಾಕ್ಟರರ ಬಳಿ ಒಯ್ದರು. ಪುಡಿಯ ಪೊಟ್ಟಣ ಕೊಟ್ಟರು. ಮರಳುವ ಮುನ್ನ ಬಿಸಿಲು ತಗ್ಗಲೆಂದು ಗೋಳಗುಮ್ಮಟದ ಹತ್ತಿರ ನೆರಳಿಗೆ ಕುಳಿತಾಗ ಮಾಲಿಯೊಬ್ಬ ದಾಸವಾಳದ ಗಿಡ ಸವರುತ್ತಿದ್ದನಂತೆ. ಅತ್ತೂ ಅತ್ತೂ ದನಿ ಬತ್ತಿದ್ದ ಕೂಸು ಬಿಳಿ ಹೂವನ್ನು ಕಂಡು ಕೈ ಚಾಚಿತು. ಮಾಲಿ ಹೂವು ಕೊಟ್ಟ, ದೊಡ್ಡವ್ವ ಕೇಳಿದ್ದಕ್ಕೆ ಸವರಿದ ಒಂದು ಕಡ್ಡಿಯನ್ನೂ ಕೊಟ್ಟ. ಆಡುತ್ತ ಬೆಳೆಯುವ ಮಗಳಿಗೆ ಹಿತ್ತಲಲ್ಲೇ ಹೂವಿರಲಿ ಎಂದು ಅವಳು ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡಳು. ತಿಕೋಟಾ ಮುಟ್ಟುವ ಮೊದಲೇ ಕೂಸು ಹೋಯಿತು. ಮಣ್ಣು ಮುಚ್ಚಿದ ಮೇಲೆ, ಕೈಯಲ್ಲಿದ್ದ ಆ ಕಡ್ಡಿಯನ್ನು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನೆಟ್ಟಳು.

ಕಡ್ಡಿ ಚಿಗುರಿತು. ಅಲ್ಲಿಂದ ಮುಂದೆ ಅವಳ ಲೆಕ್ಕವೇ ಬೇರೆಯಾಯಿತು. ಗಿಡ ಹಸಿರಾಗಿರುವವರೆಗೆ ಕೂಸು ಬರುವ ದಾರಿ ಮುಚ್ಚಿಲ್ಲ, ಒಣಗಿದರೆ ಮುಚ್ಚಿತು. ಹೀಗೆಂದು ಯಾವ ಸ್ವಾಮಿಗಳೂ ಹೇಳಿರಲಿಲ್ಲ, ಯಾವ ಪುರಾಣದಲ್ಲೂ ಇರಲಿಲ್ಲ. ಅವಳೇ ಹುಟ್ಟಿಸಿಕೊಂಡ ನಂಬಿಕೆ, ಅದಕ್ಕೇ ಅದನ್ನು ಯಾರೂ ಬಿಡಿಸಲಾಗಲಿಲ್ಲ. ಎಲೆಯ ಬೆನ್ನಿಗೆ ಬಿಳಿ ಹಿಟ್ಟಿನಂಥ ಹುಳ ಹತ್ತಿದರೆ ಒಲೆಯ ಬೂದಿ ಎರಚುವಳು. ಮಳೆಗಾಲ ಮುಗಿದ ಮೇಲೆ ಟೊಂಗೆಗಳನ್ನು ಸವರುವಳು, ಸವರದಿದ್ದರೆ ಗಿಡ ಬರೀ ಉದ್ದಕ್ಕೆ ಬೆಳೆದು ಹೂವು ಮರೆಯುತ್ತದೆ. ಹೂವನ್ನು ಮಾತ್ರ ಕೀಳುತ್ತಿರಲಿಲ್ಲ, ಕೀಳಗೊಡುತ್ತಿರಲಿಲ್ಲ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡಿ, ಬುಡದಲ್ಲೇ ಬೀಳಬೇಕು. ದೇವರ ಪೂಜೆಗೆ ನಮ್ಮ ಅವ್ವ ಪಕ್ಕದ ಮನೆಯಿಂದ ಹೂವು ಬೇಡಿ ತರುತ್ತಿದ್ದಳು, ನಮ್ಮ ಹಿತ್ತಲಲ್ಲಿ ಬಿಳಿ ಹೂವು ಉದುರುತ್ತಿದ್ದವು. ವರ್ಷಗಳು ಹೋದವು. ದೊಡ್ಡವ್ವನ ಮಡಿಲು ತುಂಬಲಿಲ್ಲ, ಗಿಡವೂ ಬಾಡಲಿಲ್ಲ.

ಹೀಗಿರುವಾಗ ಊರಲ್ಲಿ ಇಲಿ ಬಿದ್ದವು. ಇಂದಿನವರಿಗೆ ಈ ಮಾತಿನ ನಡುಕ ತಿಳಿಯಲಾರದು. ಹಾಡುಹಗಲೇ ಇಲಿಯೊಂದು ತೂರಾಡುತ್ತ ಬಂದು ಅಂಗಳದ ನಡುವೆ ಸತ್ತರೆ, ಅದು ಪ್ಲೇಗಿನ ಕರೆ. ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ನಾವೂ ಕಾಳುಕಡಿ, ದನಕರು, ಹಾಸಿಗೆ ಹೊತ್ತು ನಮ್ಮ ಹೊಲದ ಬಾವಿಯ ಬಳಿ ಜೋಳದ ದಂಟಿನ ತಟ್ಟಿ ಕಟ್ಟಿಕೊಂಡು ಕುಳಿತೆವು. ಊರೊಳಗೆ ಯಾರೂ ಕಾಲಿಡಬಾರದೆಂದು ಹಿರಿಯರು ಕಟ್ಟುಮಾಡಿದರು. ನನಗಾಗ ಎಂಟೋ ಒಂಬತ್ತೋ ವಯಸ್ಸು. ನಿಜ ಹೇಳುತ್ತೇನೆ, ಮೊದಮೊದಲು ನಮಗೆ ಅದು ಸುಗ್ಗಿಯಂತಿತ್ತು. ಸಾಲಿ ಇಲ್ಲ, ಕಡಲೆಗಿಡ ಕಿತ್ತು ಸುಟ್ಟು ತಿನ್ನುವುದು, ಮೈತುಂಬ ಮಣ್ಣು. ಆಮೇಲೆ ಅಕ್ಕಪಕ್ಕದ ಗುಡಿಸಲುಗಳಿಂದ ಅಳು ಕೇಳತೊಡಗಿತು. ಒಟ್ಟಿಗೆ ಆಡಿದವರಲ್ಲಿ ಕೆಲವರು ಆಟಕ್ಕೆ ಬರಲಿಲ್ಲ. ಅವರೆಲ್ಲಿ ಎಂದು ಕೇಳಿದರೆ ಅವ್ವ ನನ್ನ ಬಾಯಿ ಮುಚ್ಚುತ್ತಿದ್ದಳು.

ಊರು ಬಿಟ್ಟ ಮರುದಿನದಿಂದಲೇ ದೊಡ್ಡವ್ವನಿಗೆ ಊಟ ಸೇರಲಿಲ್ಲ. ಮನೆಯಲ್ಲಿ ಮೀಯುವವರಿಲ್ಲ, ಗಟಾರು ಒಣಗಿತು, ಗಿಡದ ಗತಿ ಏನು? ಅಷ್ಟರಲ್ಲಿ ಬಬಲೇಶ್ವರದಿಂದ ಅವಳ ಅಣ್ಣ ಚಕ್ಕಡಿ ಕಟ್ಟಿಕೊಂಡು ಬಂದ. ಅಲ್ಲಿ ಇನ್ನೂ ಇಲಿ ಬಿದ್ದಿರಲಿಲ್ಲ. ರೋಗ ಇಳಿಯುವವರೆಗೆ ತಂಗಿಯನ್ನು ತವರಿನಲ್ಲಿ ಇಟ್ಟುಕೊಳ್ಳುತ್ತೇನೆಂದ. ದೊಡ್ಡಪ್ಪ ಒಪ್ಪಿದ, ಅವ್ವ ಅವಳ ಗಂಟು ಕಟ್ಟಿಯೂ ಕೊಟ್ಟಳು. ದೊಡ್ಡವ್ವ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿದಳು. ಅಣ್ಣ ಬೈದ, ಕೈಮುಗಿದ, ಕಣ್ಣೀರು ಹಾಕಿದ. ಬಬಲೇಶ್ವರದಿಂದ ದಿನಾ ತಿಕೋಟಾದ ಹಿತ್ತಲಿಗೆ ಬಂದು ನೀರು ಹಾಕಲಾಗದು ಎಂಬುದೊಂದೇ ಅವಳ ಉತ್ತರ. ಚಕ್ಕಡಿ ಖಾಲಿಯಾಗಿ ಹೋಯಿತು. ಆ ಚಕ್ಕಡಿಯ ಹಿಂದೆ ನಾನು ಸ್ವಲ್ಪ ದೂರ ಓಡಿದ್ದು ನೆನಪಿದೆ.

ಅವಳು ದಿನಾ ಊರಿಗೆ ಹೋಗಿ ಬರತೊಡಗಿದ್ದು ಆಗಲೇ ದೊಡ್ಡಪ್ಪನಿಗೆ ಗೊತ್ತಾಯಿತು. ಬೆಳಗಿನ ಹೊತ್ತು, ನೀರಿನ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೊರಟವಳನ್ನು ಅವನು ಬಾವಿಯ ಬಳಿ ತಡೆದ. ಗಿಡ ಸತ್ತರೆ ಇನ್ನೊಂದು ನೆಡೋಣ, ವಿಜಾಪುರದಿಂದ ಬೇಕಾದಷ್ಟು ಕಡ್ಡಿ ತರುತ್ತೇನೆಂದ.

"ಗಿಡ ಇನ್ನೊಂದ ಸಿಗತೈತ್ರಿ," ಎಂದಳು ದೊಡ್ಡವ್ವ. "ಗಿಡದ ಮಾತಲ್ಲ ಅದು."

ದೊಡ್ಡಪ್ಪ ದಾರಿ ಬಿಡಲಿಲ್ಲ. ಅವಳೇ ಮುಂದುವರಿಸಿ, "ನಾ ಹೊಸ್ತಿಲಾ ದಾಟೂದಿಲ್ರಿ. ರೋಗ ಇರೂದು ಮನಿ ಒಳಗ, ಗ್ವಾಡ್ಯಾಗ. ಹಿತ್ತಲದಾಗ ಏನೈತಿ? ಬಿಸಲ ಐತಿ, ಗಾಳಿ ಐತಿ" ಎಂದಳು.

ಅದು ಅವಳೊಬ್ಬಳ ತಿಳಿವಳಿಕೆ ಆಗಿರಲಿಲ್ಲ, ಊರೆಲ್ಲ ಹಾಗೇ ತಿಳಿದಿತ್ತು. ರೋಗ ಕತ್ತಲ ಕೋಣೆಯಲ್ಲಿ, ಕಾಳು ತುಂಬುವ ಹಗೇವಿನಲ್ಲಿ, ಮಣ್ಣಿನ ಗೋಡೆಯ ಬಿರುಕಿನಲ್ಲಿ ಕೂತಿರುತ್ತದೆ, ಬಯಲಿನಲ್ಲಿ ಇರುವುದಿಲ್ಲ. ಅದಕ್ಕೇ ಅಲ್ಲವೇ ಎಲ್ಲರೂ ಬಯಲಿಗೆ ಬಂದದ್ದು? ದೊಡ್ಡಪ್ಪನೂ ಅದನ್ನು ನಂಬಿದ್ದ. ಅವನು ಅವಳ ಸೊಂಟದ ಕೊಡ ನೋಡಿದ, ಅದು ಅರ್ಧವೇ ತುಂಬಿತ್ತು. ಇಸಿದುಕೊಂಡು, ಬಾವಿಯಿಂದ ಸೇದಿ, ಅಂಚಿನವರೆಗೆ ತುಂಬಿಸಿ ಕೊಟ್ಟ. ಅಂದಿನಿಂದ ದಿನಾ ಅವನೇ ತುಂಬಿಸಿ ಕೊಡುತ್ತಿದ್ದ. ಅವಳು ಊರ ಬೀದಿ ತುಳಿಯದೆ, ಹಿಂದಿನ ಸಂದಿಯಿಂದ ಹಿತ್ತಲು ಸೇರಿ, ನೀರು ಹಾಕಿ ಬರುವಳು. ಬಂದವಳ ಮುಖ ನೋಡಿ ಅವ್ವ ನನಗೆ ಮೆಲ್ಲಗೆ ಹೇಳುತ್ತಿದ್ದಳು, ಇವತ್ತು ದೊಡ್ಡವ್ವ ಉಣ್ಣುತ್ತಾಳೆ ಎಂದು.

ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ಮೈ ಕಾದ ಹಂಚಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ನಮ್ಮನ್ನೆಲ್ಲ ಪಕ್ಕದ ಗುಡಿಸಲಿಗೆ ಕಳಿಸಿ ದೊಡ್ಡಪ್ಪ ಒಬ್ಬನೇ ಅವಳ ಬಳಿ ಉಳಿದ. ತಟ್ಟಿಯ ಗೋಡೆಗೆ ಕಿವಿ ಬೇಕಿಲ್ಲ, ಆಚೆ ಆಡಿದ್ದೆಲ್ಲ ಈಚೆ ಕೇಳುತ್ತದೆ. ಅವಳು ಒಂದೇ ಸಮನೆ ನೀರು, ನೀರು ಎನ್ನುತ್ತಿದ್ದಳು. ಕುಡಿಸಿದರೆ ಬಾಯಿ ತಿರುಗಿಸುತ್ತಿದ್ದಳು. ತನಗೆ ಬೇಡಿದ ನೀರಲ್ಲ ಅದು ಎಂದು ದೊಡ್ಡಪ್ಪನಿಗೆ ಅರ್ಥವಾಯಿತು. ಕೊಡ ತುಂಬಿಸಿಕೊಂಡು, ಹೆಗಲಿಗಿಟ್ಟು ಊರ ಕಡೆ ನಡೆದ.

ಅವನು ಮರಳಿ ಬರುವಾಗ ನಾನು ಬಾವಿಯ ಬಳಿ ನಿಂತಿದ್ದೆ. ಕೊಡ ಇನ್ನೂ ಅವನ ಹೆಗಲ ಮೇಲಿತ್ತು, ನಡೆದಂತೆ ನೀರು ತುಳುಕಿ ಅವನ ಅಂಗಿ ತೋಯುತ್ತಿತ್ತು. ಒಯ್ದಷ್ಟನ್ನೂ ಹೊತ್ತು ತಂದಿದ್ದ. ಗುಡಿಸಲ ಹಿಂದೆ ಹೋಗಿ, ಆ ನೀರನ್ನೆಲ್ಲ ಕಲ್ಲಿನ ಮೇಲೆ ಚೆಲ್ಲಿ, ಖಾಲಿ ಕೊಡದೊಂದಿಗೆ ಒಳಗೆ ಹೋದ.

"ಹಾಕೀನಿ," ಎಂಬುದು ನನಗೆ ಸ್ಪಷ್ಟವಾಗಿ ಕೇಳಿತು. "ಮೊಗ್ಗಿ ಭಾಳ ಅದಾವು. ಸುಮ್ಮಕ ಮಲಗು."

ದೊಡ್ಡವ್ವ ಮತ್ತೆ ನೀರು ಕೇಳಲಿಲ್ಲ. ಮರುದಿನ ಹೊತ್ತು ಏರುವ ಮೊದಲು ತೀರಿಕೊಂಡಳು. ಹೆಣ ಎತ್ತಲು ಜನ ಬರಲಿಲ್ಲ, ಬರಬೇಕಾದವರೂ ತಮ್ಮ ತಮ್ಮ ಗುಡಿಸಲಲ್ಲಿ ಅದೇ ಕೆಲಸದಲ್ಲಿದ್ದರು. ಅಪ್ಪ, ದೊಡ್ಡಪ್ಪ ಇಬ್ಬರೇ ಸೇರಿ ಹೊಲದ ಬದುವಿನ ಬಳಿ ಅವಳಿಗೆ ಮಣ್ಣು ಕೊಟ್ಟರು. ಅಷ್ಟು ವರ್ಷ ಹೂವಿನ ಗಿಡದ ಆರೈಕೆ ಮಾಡಿದವಳ ಮೇಲೆ ಇಡಲು ಒಂದು ಹೂವೂ ಇರಲಿಲ್ಲ.

ಹಿತ್ತಲಲ್ಲಿ ಕಂಡದ್ದನ್ನು ದೊಡ್ಡಪ್ಪ ಆ ಸಂಜೆ ಅಪ್ಪನಿಗೆ ಹೇಳಿದ. ಜನ ಬಿಟ್ಟ ಊರಿನಲ್ಲಿ ಎಲ್ಲೂ ಹನಿ ನೀರಿರಲಿಲ್ಲ. ಬಾನಿಗಳು ಒಣಗಿದ್ದವು, ಗಟಾರುಗಳು ಬಿರಿದಿದ್ದವು. ಇಡೀ ಓಣಿಯಲ್ಲಿ ಒದ್ದೆಯಾಗಿದ್ದ ಮಣ್ಣು ಒಂದೇ, ದೊಡ್ಡವ್ವನ ದಾಸವಾಳದ ಬುಡ. ಜ್ವರದ ಇಲಿಗಳು ನೀರಡಿಸಿ ಅಲ್ಲಿಗೇ ಬಂದಿದ್ದವು. ಬಿದ್ದ ಹೂವುಗಳ ನಡುವೆ ಸತ್ತು ಬಿದ್ದಿದ್ದವು. ಕೆಲವನ್ನು ಯಾರೋ ಕಡ್ಡಿಯಿಂದ ಗೋಡೆಯ ಮೂಲೆಗೆ ಸರಿಸಿ ಮಣ್ಣು ಮುಚ್ಚಿದ್ದು ಕಾಣುತ್ತಿತ್ತು. ಯಾರೋ ಏನು ಬಂತು, ಅಲ್ಲಿಗೆ ಹೋಗುತ್ತಿದ್ದವಳು ಅವಳೊಬ್ಬಳೇ. ಕೂಸಿನ ಮೇಲೆ ಹೊಲಸು ಬಿದ್ದಿರಬಾರದೆಂದು ಸರಿಸಿದಳು, ನಮಗೆ ಹೇಳಲಿಲ್ಲ. ಹೇಳಿದ್ದರೆ ಹೋಗಗೊಡುತ್ತಿರಲಿಲ್ಲ.

"ಕೊಡಾ ತುಂಬಿಸಿ ಕೊಟ್ಟಾಂವ ನಾನು," ಎಂದ ದೊಡ್ಡಪ್ಪ.

ರೋಗ ಇಳಿದ ಮೇಲೆ ಊರು ತುಂಬಿತು. ಮನೆಗಳಿಗೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಸುಣ್ಣ ಬಳಿದು, ಮಾಳಿಗೆಯ ಬೆಳಕಿಂಡಿಗಳನ್ನೆಲ್ಲ ತೆರೆದು ಬಿಸಿಲು ಬಿಟ್ಟರು. ಹಿತ್ತಲಲ್ಲಿ ದಾಸವಾಳ ಎಲೆ ಉದುರಿಸಿಕೊಂಡು ನಿಂತಿತ್ತು, ಆದರೆ ಸತ್ತಿರಲಿಲ್ಲ. ತೊಗಟೆ ಗೀರಿದರೆ ಹಸಿರು ಕಾಣುತ್ತಿತ್ತು. ನಾಲ್ಕು ದಿನ ಬಚ್ಚಲ ನೀರು ಹರಿದರೆ ಸಾಕಿತ್ತು. ದೊಡ್ಡಪ್ಪ ಕೊಡಲಿ ಹಿಡಿದು ಬಂದ. ಗಿಡದ ಮುಂದೆ ಬಹಳ ಹೊತ್ತು ನಿಂತ. ಬೇರು ಕೀಳಬೇಕಾದರೆ ಕೆಳಗೆ ಅಗೆಯಬೇಕು, ಕೆಳಗೆ ಯಾರಿದ್ದಾರೆಂದು ಅವನಿಗೆ ಗೊತ್ತು. ಕೊಡಲಿ ಇಟ್ಟು ಸಲಿಕೆ ತಂದು, ಗಟಾರಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಬಚ್ಚಲ ನೀರನ್ನು ಬೀದಿಯ ಕಡೆಗೆ ತಿರುಗಿಸಿದ. ನಾವು ದಿನಾ ಮಿಂದೆವು. ನೀರು ಬೀದಿಗೆ ಹೋಯಿತು. ಆ ಬೇಸಿಗೆಯಲ್ಲಿ ಗಿಡ ಒಣಗಿತು.

ನಾನು ದೊಡ್ಡಪ್ಪನನ್ನು ಕ್ಷಮಿಸಲಿಲ್ಲ. ಮದುವೆಯಾಗಿ ವಿಜಾಪುರಕ್ಕೆ ಬಂದ ಮೇಲೂ ಅವನೊಡನೆ ನನ್ನ ಮಾತು ಅಷ್ಟಕ್ಕಷ್ಟೇ. ಅವಳು ಜೀವ ಕೊಟ್ಟು ಉಳಿಸಿದ್ದನ್ನು ಇವನು ಕೈಯಾರೆ ಒಣಗಿಸಿದ ಎಂಬ ಸಿಟ್ಟು. ಇನ್ನೊಂದು ಮದುವೆಯಾಗದೆ, ಹಿತ್ತಲ ಬಾಗಿಲು ತೆರೆಯದೆ ಅವನು ಮುದುಕನಾದ. ಕೊನೆಗಾಲದಲ್ಲಿ ಔಷಧಕ್ಕೆಂದು ನಮ್ಮ ಮನೆಗೆ ಬಂದಿದ್ದಾಗ, ನಾನು ಅಂಗಳದ ಮಲ್ಲಿಗೆಗೆ ನೀರು ಹಾಕುವುದನ್ನು ನೋಡುತ್ತ ಕುಳಿತಿದ್ದವನು, ಕೇಳದೆಯೇ ಹೇಳಿದ: "ಕಡಿಯಾಕ ಕೈ ಬರಲಿಲ್ಲವ್ವಾ. ನೀರ ಹಾಕಾಕೂ ಬರಲಿಲ್ಲ." ನಾನು ತಿರುಗಿ ನೋಡಲಿಲ್ಲ, ನೀರು ಹಾಕುವುದನ್ನು ಮುಂದುವರಿಸಿದೆ. ಈಗ ಆ ಮನೆಯೂ ಇಲ್ಲ. ಕೊಂಡವರು ಕೆಡವಿ ದ್ರಾಕ್ಷಿ ಒಣಗಿಸುವ ಶೆಡ್ ಹಾಕಿದ್ದಾರೆ. ಬಚ್ಚಲು ಎಲ್ಲಿತ್ತು, ಗಿಡ ಎಲ್ಲಿತ್ತು ಎಂದು ತೋರಿಸಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ.

ಶಾರದಾಳ ಹಿತ್ತಲ ಬಾಗಿಲು ತೆರೆಯಲು ನನಗೇಕೆ ಆಗಲಿಲ್ಲ ಎಂದು ಇನ್ನು ನಿಮಗೆ ವಿವರಿಸಬೇಕಿಲ್ಲ. ಬೀಗ ಹಾಕಿದ ಮನೆ, ಒಳಗೊಂದು ಬಿಳಿ ದಾಸವಾಳ, ಸುತ್ತಲೂ ಬೇಸಿಗೆ. ಆದರೆ ಬೆಳಿಗ್ಗೆ ಫೋನಿನಲ್ಲಿ "ಹಾಕೀನಿ" ಎಂದಾಗ, ಆ ದನಿ ನನ್ನದೆನಿಸಲಿಲ್ಲ. ಗುಡಿಸಲಿನ ತಟ್ಟಿಯಾಚೆ ಕೇಳಿದ ದನಿ ಅದು. ಅಷ್ಟು ವರ್ಷ ದೊಡ್ಡಪ್ಪನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದ ನಾನು ಅದೇ ತುಂಬಿದ ಕೊಡ ಹೊತ್ತು ವಾಪಸ್ಸು ಬಂದಿದ್ದೆ. ಅವನಿಗಾದರೂ ಕಣ್ಣಾರೆ ಕಂಡ ಇಲಿಗಳಿದ್ದವು. ನನಗೆ ಏನಿತ್ತು?

ಬಕೆಟ್ಟಿನ ನೀರನ್ನು ಮಲ್ಲಿಗೆಗೆ ಸುರಿದು ಬಚ್ಚಲಿಗೆ ಹೋದೆ. ಈಗಿನ ಬಚ್ಚಲಿನ ನೀರು ಕೊಳವೆಯಲ್ಲಿ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಅಗಲವಾದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನಿಂತು, ಸಾಬೂನು ಮುಟ್ಟದೆ, ಕಡಲೆಹಿಟ್ಟು ಹಚ್ಚಿಕೊಂಡು ಮಿಂದೆ. ಈ ವಯಸ್ಸಿನಲ್ಲಿ ಬುಟ್ಟಿಯೊಳಗೆ ನಿಂತು ಮೀಯುವುದು ನೋಡುವವರಿಗೆ ನಗೆ, ನೋಡುವವರು ಇರಲಿಲ್ಲ. ಆ ನೀರನ್ನು ಬಕೆಟ್ಟಿಗೆ ತುಂಬಿಸಿ, ಕೀಲಿ ತೆಗೆದು, ಶಾರದಾಳ ಹಿತ್ತಲಿಗೆ ಕಾಲಿಟ್ಟೆ.

ಎಲೆಗಳು ಜೋತುಬಿದ್ದಿದ್ದವು. ಬಾಗಿ ಬುಡ ನೋಡಿದೆ. ಒಣಗಿದ ಹೂವುಗಳು, ಸಾಲುಗಟ್ಟಿದ ಇರುವೆ, ಬಿರಿದ ಮಣ್ಣು, ಬೇರೇನೂ ಇಲ್ಲ. ನೀರು ಸುರಿದೆ. ಮಣ್ಣು ಸಪ್ಪಳ ಮಾಡುತ್ತ ಕುಡಿಯಿತು. ಇನ್ನೊಂದು ಬಕೆಟ್ ತರಬೇಕಾಗಬಹುದು, ತರುತ್ತೇನೆ.

"ಹಾಕೀನಿ ದೊಡ್ಡವ್ವಾ," ಎಂದೆ. ದೊಡ್ಡಪ್ಪ ಅವಳಿಗೆ ಹೇಳಿದ ಆ ಮಾತು ಈಗಲಾದರೂ ನಿಜವಾಗಿರಲಿ ಎಂದು, ಸ್ವಲ್ಪ ಗಟ್ಟಿಯಾಗಿಯೇ ಅಂದೆ.